ಹಳೆಯ ಫೋಟೊ ಸ್ಕ್ಯಾನ್ ಚಿಕ್ಕದು ಮಾಡಿದರೆ ಸೀರೆ ಅಂಚಿನಲ್ಲಿ ಅಲೆ ಗೆರೆ: ಯಾವ ಸಾಫ್ಟ್‌ವೇರ್, ಯಾವ ಫಿಲ್ಟರ್?

ಸ್ಮರಣಸಂಚಿಕೆ_ದಾವಣಗೆರೆ

ಶಾಲೆಯೊಂದರ ಐವತ್ತನೇ ವರ್ಷದ ಸ್ಮರಣ ಸಂಚಿಕೆಗೆ ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಹೆಚ್ಚಿನವು 3.5×5 ಇಂಚಿನ ಪ್ರಿಂಟ್‌ಗಳು. 1970ರ ದಶಕದವು ನುಣುಪು ಕಾಗದದ ಕಪ್ಪು-ಬಿಳುಪು. 80ರ ದಶಕದ ಕಲರ್ ಪ್ರಿಂಟ್‌ಗಳಲ್ಲಿ ಅರ್ಧಕ್ಕರ್ಧ, ಮೈಮೇಲೆ ಜೇನುಗೂಡಿನಂಥ ಉಬ್ಬುಗಳಿರುವ ಕಾಗದದವು. ಸ್ಕ್ಯಾನರ್ ತೆಳ್ಳನೆಯ ಸಿಐಎಸ್ ಫ್ಲಾಟ್‌ಬೆಡ್ (ಸೆನ್ಸರ್ ಗಾಜಿಗೆ ತೀರ ಹತ್ತಿರ ಇರುವ ಬಗೆ). 1200 ಡಿಪಿಐ (ಇಂಚಿಗೆ 1200 ಪಿಕ್ಸೆಲ್), 24 ಬಿಟ್ ಬಣ್ಣ, ಟಿಫ್. ಒಂದೊಂದು ಫೈಲೂ 4200×6000 ಪಿಕ್ಸೆಲ್, ಸುಮಾರು 75 ಎಂಬಿ. ಸಂಚಿಕೆಗೂ ಶಾಲೆಯ ವೆಬ್‌ಸೈಟಿಗೂ 1050×1500 ಸಾಕು. ಅಂದರೆ ಅಗಲ, ಎತ್ತರ ಎರಡೂ ನಾಲ್ಕನೇ ಒಂದಕ್ಕೆ ಇಳಿಯಬೇಕು.

ಒಂದೇ ಟಿಫ್ ಫೈಲನ್ನು ಬೇರೆ ಬೇರೆ ಕಡೆ ಇಳಿಸಿದಾಗ ಕಂಡದ್ದು:

ಹಳೆಯ ಫೋಟೊ ವ್ಯೂಯರ್ ಒಂದರ ಬ್ಯಾಚ್ ರಿಸೈಜ್‌ನಲ್ಲಿ ಮೇಡಂಗಳ ಮೊಳಕಾಲ್ಮೂರು ಸೀರೆಯ ಜರಿ ಅಂಚಿನ ಮೇಲೆ ಇಲ್ಲದ ಅಲೆ ಗೆರೆಗಳು ಬರುತ್ತವೆ. ಚೌಕಳಿ ಅಂಗಿ, ಕಿಟಕಿ ಜಾಲರಿ, ದುರ್ಗದ ಕೋಟೆ ಪ್ರವಾಸದ ಫೋಟೊದಲ್ಲಿ ದೂರದ ಮೆಟ್ಟಿಲು, ಎಲ್ಲ ಕಡೆ ಇದೇ ಪಾಡು.

ಫೋಟೊಶಾಪ್‌ನಲ್ಲಿ ಬೈಕ್ಯೂಬಿಕ್ ಶಾರ್ಪರ್ ಎಂಬ ಫಿಲ್ಟರ್ (ಹೊಸ ಪಿಕ್ಸೆಲ್‌ಗಳನ್ನು ಲೆಕ್ಕ ಹಾಕುವ ಸೂತ್ರ) ಹಾಕಿದರೆ ಅಲೆ ಇಲ್ಲ. ಆದರೆ ಕಪ್ಪು ಪರದೆಯ ಮುಂದೆ ನಿಂತವರ ಕಿವಿ, ಭುಜದ ಸುತ್ತ ಬಿಳಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಗಿಂಪ್‌ನ ಕ್ಯೂಬಿಕ್‌ನಲ್ಲಿ ಎರಡೂ ಇಲ್ಲ, ಚಿತ್ರ ಮಾತ್ರ ಮೆತ್ತಗಾಯಿತು ಅನ್ನಿಸುತ್ತದೆ.

ಪೈಥಾನ್‌ನಲ್ಲಿ ಓಪನ್‌ಸಿವಿ, ಪಿಲ್ಲೊ ಎಂಬ ಎರಡು ಚಿತ್ರ ಲೈಬ್ರರಿಗಳನ್ನು ಬಳಸಿದೆ. ಓಪನ್‌ಸಿವಿ ಬೈಕ್ಯೂಬಿಕ್‌ನಿಂದ ಮತ್ತೆ ಅಲೆ. ಪಿಲ್ಲೊ ಬೈಕ್ಯೂಬಿಕ್‌ನಿಂದ ಶುದ್ಧ ಚಿತ್ರ. ಹೆಸರು ಒಂದೇ ಇದ್ದು ಫಲಿತಾಂಶ ಬೇರೆ ಯಾಕೆ? ಶಾರ್ಪನ್ (ಅಂಚು ಚೂಪು) ಮಾಡುವುದು ಇಳಿಸುವ ಮೊದಲೋ ನಂತರವೋ? ಉಬ್ಬು ಕಾಗದದ ಫೋಟೊಗಳಿಗೆ ಇವುಗಳಲ್ಲಿ ಯಾವುದೂ ನಾಟುತ್ತಿಲ್ಲ, ಅದಕ್ಕೇನು ದಾರಿ?

---

ದುರ್ಗದ_ಕಲ್ಲು

ಸರ್, ಫಿಲ್ಟರಿನ ಹೆಸರನ್ನು ಸದ್ಯಕ್ಕೆ ಬದಿಗಿಡಿ. ಇಳಿಸುವಾಗ ಆ ಸಾಫ್ಟ್‌ವೇರ್ ಮೂಲ ಚಿತ್ರದ ಎಷ್ಟು ಪಿಕ್ಸೆಲ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಅನ್ನುವುದೇ ಮುಖ್ಯ. ನೀವು ಬರೆದ ವ್ಯತ್ಯಾಸಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದಿವೆ.

ನಾಲ್ಕನೇ ಒಂದಕ್ಕೆ ಇಳಿಸಿದಾಗ ಹೊಸ ಚಿತ್ರದ ಒಂದು ಪಿಕ್ಸೆಲ್‌ನ ಜಾಗದಲ್ಲಿ ಹಳೆಯದರ 4×4, ಅಂದರೆ 16 ಪಿಕ್ಸೆಲ್ ಇರುತ್ತವೆ. ನಿಯರೆಸ್ಟ್ ನೇಬರ್ ಅದರಲ್ಲಿ ಒಂದನ್ನು ಎತ್ತಿಕೊಂಡು 15ನ್ನು ಬಿಸಾಡುತ್ತದೆ. ಬೈಲೀನಿಯರ್ ಸೂತ್ರ ಅಕ್ಕಪಕ್ಕದ 2×2 ಪಿಕ್ಸೆಲ್‌ಗಳನ್ನಷ್ಟೇ ನೋಡುತ್ತದೆ. ಚಿತ್ರವನ್ನು ಹಿಗ್ಗಿಸುವಾಗ ಅದು ಸರಿ. ಅದೇ ಸೂತ್ರವನ್ನು ಬದಲಿಸದೆ ಇಳಿಸುವುದಕ್ಕೂ ಹಚ್ಚಿದರೆ 16ರಲ್ಲಿ 12 ಪಿಕ್ಸೆಲ್‌ಗಳನ್ನು ಕೇಳುವವರೇ ಇಲ್ಲ. ಬೈಕ್ಯೂಬಿಕ್ 4×4 ನೋಡುತ್ತದಲ್ಲ ಅಂತ ಕೇಳಬಹುದು. ನೋಡುತ್ತದೆ, ಆದರೆ ತೂಕ ಸಮನಾಗಿಲ್ಲ. ಕ್ಯಾಟ್ಮುಲ್-ರೋಮ್ ಬಗೆಯಲ್ಲಿ ನಡುವಿನ ಎರಡು ಪಿಕ್ಸೆಲ್‌ಗೆ ತಲಾ 9/16, ಅಂಚಿನ ಎರಡಕ್ಕೆ ತಲಾ −1/16. ಹೀಗಾಗಿ ಅದೂ ಹೆಚ್ಚುಕಡಿಮೆ ನಡುವಿನ ನಾಲ್ಕನ್ನೇ ನಂಬಿ ಕೂರುತ್ತದೆ. ಬಿಟ್ಟುಹೋದ ಪಿಕ್ಸೆಲ್‌ಗಳಲ್ಲಿ ಜರಿಯ ಎಳೆ ಒಮ್ಮೆ ಸಿಕ್ಕಿ ಒಮ್ಮೆ ತಪ್ಪುತ್ತದೆ. ಆ ಸಿಕ್ಕಿ-ತಪ್ಪುವ ಲಯವೇ ನಿಮಗೆ ಕಾಣುವ ಅಲೆ. ಮುದ್ರಣದವರು ಇದನ್ನೇ ಮ್ವಾರೆ ಅನ್ನುತ್ತಾರೆ.

ಸರಿಯಾದ ಕ್ರಮ ಎಂದರೆ ಎಷ್ಟು ಪಟ್ಟು ಇಳಿಸುತ್ತೇವೋ ಅಷ್ಟು ಪಟ್ಟು ಫಿಲ್ಟರಿನ ಅಗಲವನ್ನೂ ಹಿಗ್ಗಿಸುವುದು. ನಾಲ್ಕು ಪಟ್ಟು ಇಳಿಸುವಾಗ ಬೈಲೀನಿಯರ್ 8×8 ನೋಡಬೇಕು, ಬೈಕ್ಯೂಬಿಕ್ 16×16, ಲ್ಯಾಂಚೋಸ್-3 ಎಂಬ ಇನ್ನೂ ಅಗಲದ ಫಿಲ್ಟರ್ ಆದರೆ 24×24, ಅಂದರೆ ಒಂದು ಪಿಕ್ಸೆಲ್‌ಗೆ 576 ಪಿಕ್ಸೆಲ್‌ಗಳ ಲೆಕ್ಕ. ಪಿಲ್ಲೊ 2.7ನೇ ಆವೃತ್ತಿಯಿಂದ ಬೈಲೀನಿಯರ್, ಬೈಕ್ಯೂಬಿಕ್‌ಗಳಿಗೂ ಹೀಗೇ ಮಾಡುತ್ತದೆ. ಓಪನ್‌ಸಿವಿಯ ಕ್ಯೂಬಿಕ್ ಹಿಗ್ಗಿಸುವುದಿಲ್ಲ, 4×4ಕ್ಕೇ ನಿಲ್ಲುತ್ತದೆ. ಇಳಿಸಲು ಅದರಲ್ಲಿ ಇಂಟರ್ ಏರಿಯಾ ಅನ್ನುವ ಬೇರೆ ಆಯ್ಕೆ ಇದೆ. ನಿಮ್ಮ ಎರಡು ಬೈಕ್ಯೂಬಿಕ್‌ಗಳ ಜಗಳ ಇಷ್ಟೇ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. 1200 ಡಿಪಿಐನಲ್ಲಿ 1 ಮಿ.ಮೀ. ಎಂದರೆ ಸುಮಾರು 47 ಪಿಕ್ಸೆಲ್. ಪ್ರಿಂಟಿನ ಮೇಲೆ ಜರಿ ಗೆರೆಗಳು 0.1 ಮಿ.ಮೀ.ಗೆ ಒಂದರಂತೆ ಬಂದಿದ್ದರೆ ಸ್ಕ್ಯಾನಿನಲ್ಲಿ 4.7 ಪಿಕ್ಸೆಲ್‌ಗೆ ಒಂದು, ಇಳಿಸಿದ ಮೇಲೆ 1.2 ಪಿಕ್ಸೆಲ್‌ಗೆ ಒಂದು. ಒಂದು ಬಿಳಿ ಗೆರೆ, ಒಂದು ಕಪ್ಪು ಗೆರೆ ತೋರಿಸಲು ಕನಿಷ್ಠ 2 ಪಿಕ್ಸೆಲ್ ಬೇಕು. 1050×1500ರ ಚಿತ್ರದಲ್ಲಿ ಆ ಮಿತಿ ಅಸಲು ಪ್ರಿಂಟಿನ 0.17 ಮಿ.ಮೀ. ಅದಕ್ಕಿಂತ ಸಣ್ಣ ಗೆರೆಗಳನ್ನು ಯಾವ ಸಾಫ್ಟ್‌ವೇರೂ ಉಳಿಸಲಾರದು. ಒಳ್ಳೆಯದು ಅದನ್ನು ಸಮನಾದ ಬೂದುಬಣ್ಣ ಮಾಡುತ್ತದೆ, ಕೆಟ್ಟದ್ದು ಇಲ್ಲದ ದಪ್ಪ ಗೆರೆ ಹುಟ್ಟಿಸುತ್ತದೆ. ಗಿಂಪ್‌ನಲ್ಲಿ ಮೆತ್ತಗೆ ಅನ್ನಿಸಿದ್ದು ಬಹುಶಃ ಇದೇ. ಅಲೆ ಬಂದ ಚಿತ್ರ ಪಕ್ಕದಲ್ಲಿದ್ದರೆ ಸರಿಯಾದ ಚಿತ್ರವೇ ಮಂಕಾಗಿ ಕಾಣುತ್ತದೆ.

ಬಿಳಿ ಗೆರೆಯ ವಿಷಯ. ಲ್ಯಾಂಚೋಸ್, ಬೈಕ್ಯೂಬಿಕ್ ಎರಡರಲ್ಲೂ ಋಣ ತೂಕಗಳಿವೆ (ಮೇಲಿನ −1/16 ಥರದವು). ಕಪ್ಪು-ಬಿಳುಪು ಸಂಧಿಸುವಲ್ಲಿ ಅವು ಬಿಳಿಯನ್ನು ಇನ್ನಷ್ಟು ಬಿಳಿ, ಕಪ್ಪನ್ನು ಇನ್ನಷ್ಟು ಕಪ್ಪು ಮಾಡುತ್ತವೆ. ಸ್ವಲ್ಪವಾದರೆ ಚೂಪು ಅನ್ನುತ್ತೇವೆ, ಅತಿಯಾದರೆ ಗೆರೆ ಎದ್ದು ಕಾಣುತ್ತದೆ. ಬೈಕ್ಯೂಬಿಕ್ ಶಾರ್ಪರ್ ಇದರ ಮೇಲೆ ತಾನೂ ಶಾರ್ಪನ್ ಸೇರಿಸುತ್ತದೆ. ಜೊತೆಗೆ ನಿಮ್ಮ ಸ್ಕ್ಯಾನರ್ ಡ್ರೈವರಿನಲ್ಲಿ ಅನ್‌ಶಾರ್ಪ್ ಮಾಸ್ಕ್ (ಹೆಸರು ಹೀಗಿದ್ದರೂ ಅದು ಶಾರ್ಪನ್ನೇ) ಟಿಕ್ ಆಗಿದೆಯೇ ನೋಡಿ. ಸಾಮಾನ್ಯವಾಗಿ ಆಗಿಯೇ ಇರುತ್ತದೆ. ಅಲ್ಲೊಂದು ಸಲ, ಇಳಿಸುವಾಗ ಒಂದು ಸಲ, ಆಮೇಲೆ ಕೈಯಾರೆ ಇನ್ನೊಂದು ಸಲ ಅಂತ ಮೂರು ಶಾರ್ಪನ್ ಒಂದರ ಮೇಲೊಂದು ಕೂತರೆ ಕಿವಿ ಸುತ್ತ ಗೆರೆ ಬರದೆ ಇನ್ನೇನು? ಸ್ಕ್ಯಾನರಿನಲ್ಲಿ ಆಫ್ ಮಾಡಿ, ಇಳಿಸುವಾಗ ಸಾದಾ ಬೈಕ್ಯೂಬಿಕ್ ಅಥವಾ ಮಿಚೆಲ್ ಹಾಕಿ, ಶಾರ್ಪನ್ ಕಟ್ಟಕಡೆಗೆ ಒಂದೇ ಸಲ.

ಮಿಚೆಲ್ ಅಂದರೆ ಮಿಚೆಲ್ ಮತ್ತು ನೆತ್ರಾವಲಿ 1988ರಲ್ಲಿ ಪ್ರಕಟಿಸಿದ ಕ್ಯೂಬಿಕ್ ಫಿಲ್ಟರ್. ಮಂಕು, ಅಂಚಿನ ಗೆರೆ, ಅಲೆ ಈ ಮೂರರ ನಡುವೆ ರಾಜಿ ಮಾಡಿ ಆರಿಸಿದ ಬೆಲೆಗಳು ಅದರಲ್ಲಿವೆ. ಮುಖಗಳೇ ಹೆಚ್ಚಿರುವ ಇಂಥ ಫೋಟೊಗಳಿಗೆ ನನ್ನ ಮೊದಲ ಆಯ್ಕೆ ಅದೇ. ಕಲ್ಲಿನ ಕೋಟೆ, ಮರ, ಕಟ್ಟಡಗಳ ಫೋಟೊಗೆ ಲ್ಯಾಂಚೋಸ್ ಚೆನ್ನ.

---

ಹೊಂಡದ_ಸರ್ಕಲ್

ದುರ್ಗದವ್ರು ಹೇಳಿದ್ದು ಖರೆ ಐತೆ. ಆದ್ರ ಯಾವ ಸಾಫ್ಟ್‌ವೇರ್ ಒಳಗ ಏನ್ ಮಾಡ್ತದ ಅಂತ ಮ್ಯಾನುಯಲ್ ಓದ್ಕೊಂತ ಕೂಡ್ರಬ್ಯಾಡ್ರಿ. ಒಂದು ಪರೀಕ್ಷೆ ಫೈಲ್ ಮಾಡ್ಕೊಳ್ರಿ, ಎಲ್ಲದ್ರಾಗೂ ಇಳಿಸ್ರಿ, ನಂಬರ್ ನೋಡ್ರಿ.

3 ಪಿಕ್ಸೆಲ್ ಅಗಲ, 1 ಪಿಕ್ಸೆಲ್ ಎತ್ತರದ ಹೊಸ ಫೈಲ್ ತಗೀರಿ. ಮೊದಲ್ನೇ ಪಿಕ್ಸೆಲ್ ಬಿಳಿ 255, ಉಳಿದೆರಡು ಕಪ್ಪು 0. ಫೋಟೊಶಾಪ್‌ನಾಗ ಎಡಿಟ್ ಮೆನುವಿನ ಡಿಫೈನ್ ಪ್ಯಾಟರ್ನ್ ಒತ್ರಿ. ಆಮೇಲೆ 1200×1200ರ ಹೊಸ ಫೈಲಿಗೆ ಫಿಲ್ ಒಳಗ ಆ ಪ್ಯಾಟರ್ನ್ ತುಂಬ್ರಿ. ಗಿಂಪ್‌ನಾಗ ಆ ಮೂರು ಪಿಕ್ಸೆಲ್ ಕಾಪಿ ಮಾಡಿದ್ರ ಸಾಕು, ಕ್ಲಿಪ್‌ಬೋರ್ಡ್ ಪ್ಯಾಟರ್ನ್ ಅಂತ ತಾನ ಬರ್ತದ. ಬಕೆಟ್ ಫಿಲ್‌ನಿಂದ ಸುರೀರಿ. ಪಿಎನ್‌ಜಿ ಆಗಿ ಸೇವ್ ಮಾಡ್ರಿ. ಜೆಪೆಗ್ ಬ್ಯಾಡ, ಅದು ಗೆರೆ ಕೆಡಿಸ್ತದ. ಮೋಡ್ ಆರ್‌ಜಿಬಿ ಇಲ್ಲಾ ಗ್ರೇಸ್ಕೇಲ್ ಇರ್ಲಿ. ಇಂಡೆಕ್ಸ್ಡ್ (ಎಣಿಸಿಟ್ಟ ಬಣ್ಣಗಳ ಪಟ್ಟಿ) ಇದ್ರ ಫೋಟೊಶಾಪ್, ಪಿಲ್ಲೊ ಎರಡೂ ನಿಯರೆಸ್ಟ್ ನೇಬರ್‌ಗೇ ಹೋಗ್ತಾವ, ಪರೀಕ್ಷೆ ಹಾಳು.

ಈಗ 300×300ಕ್ಕೆ ಇಳಿಸಿ, ಕಲರ್ ಪಿಕರ್ ಹಿಡ್ಕೊಂಡು ನಡುವಿನ ಪಿಕ್ಸೆಲ್‌ಗಳ ಬೆಲೆ ಓದ್ರಿ. ಅಂಚು ನೋಡಬ್ಯಾಡ್ರಿ.

0, 255 ಎರಡೇ ಕಂಡ್ರ ಅದು ನಿಯರೆಸ್ಟ್, ಕೈ ಬಿಡ್ರಿ.
0, 128, 128 ಅಂತ ತಿರುಗಿ ತಿರುಗಿ ಬಂದ್ರ ಫಿಲ್ಟರ್ ಹಿಗ್ಗಿಸದ ಬೈಲೀನಿಯರ್. ನಿಮ್ಮ ಜರಿ ಅಂಚಿನ ಅಲೆ ಇಲ್ಲಿಂದ ಬರ್ತದ.
128, 64, 64 ಬಂದ್ರ ಬಾಕ್ಸ್, ಅಂದ್ರ 4×4ರ ಸಾದಾ ಸರಾಸರಿ. ಓಪನ್‌ಸಿವಿಯ ಇಂಟರ್ ಏರಿಯಾ ಈ ಜಾತಿ. ಹದಿನಾರೂ ಪಿಕ್ಸೆಲ್ ಎಣಿಸ್ತದ, ಅಂಚಿಗೆ ಬಿಳಿ ಗೆರೆ ತರೋದಿಲ್ಲ, ಆದ್ರ ಗೆರೆ ಪೂರ್ತಿ ಅಳ್ಸೋದೂ ಇಲ್ಲ.
ಎಲ್ಲಾ ಕಡೆ 85ರ ಆಜುಬಾಜು ಸಮ ಬಂದ್ರ ಫಿಲ್ಟರ್ ಚಲೋ ಐತೆ.
ಎಲ್ಲಾ ಕಡೆ 156ರ ಆಜುಬಾಜು ಬಂದ್ರ ಫಿಲ್ಟರೂ ಚಲೋ, ಬೆಳಕಿನ ಲೆಕ್ಕನೂ ಸರಿ. ಇದು ಯಾಕ ಅಂತ ದುರ್ಗದವ್ರೇ ಹೇಳ್ಲಿ.

ನಿಮ್ಮ ಕಡೆ ಇರೋ ಸಾಮಾನಿನ ಬಗ್ಗೆ ಎರಡು ಮಾತು. ಇರ್ಫಾನ್‌ವ್ಯೂ ಫುಕಟ್ ಸಿಗ್ತದ, ಬ್ಯಾಚ್‌ಗೆ ಭಾಳ ಚಲೋ. ಆದ್ರ ರಿಸೈಜ್ ಕಿಟಕಿಯಾಗ ಎರಡು ಆಯ್ಕೆ ಅದಾವ: ರಿಸೈಜ್ ಅಂದ್ರ ಬೇಗ, ಕಳಪೆ; ರಿಸ್ಯಾಂಪಲ್ ಅಂದ್ರ ನಿಧಾನ, ಚಲೋ. ರಿಸ್ಯಾಂಪಲ್ ಆರಿಸಿ ಫಿಲ್ಟರ್ ಪಟ್ಟಿಯಾಗ ಲ್ಯಾಂಚೋಸ್ ಇಲ್ಲಾ ಮಿಚೆಲ್ ಹಾಕ್ರಿ. ಕೆಳಗ ರಿಸ್ಯಾಂಪಲ್ ಆದ್ಮೇಲೆ ಶಾರ್ಪನ್ ಅನ್ನೋ ಟಿಕ್ ಇದ್ರ ತಗೀರಿ. ಬ್ಯಾಚ್‌ನಾಗೂ ಅಡ್ವಾನ್ಸ್ಡ್ ಒಳಗ ಇದೇ ಸೆಟ್ಟಿಂಗ್ ಬ್ಯಾರೇನೇ ಇರ್ತದ, ಅಲ್ಲೂ ನೋಡ್ರಿ. ಒಂದು ಕೊರತೆ ಏನಪಾ ಅಂದ್ರ 48 ಬಿಟ್ ಟಿಫ್ ತೆಗೆದ್ರೂ ಒಳಗ 24 ಬಿಟ್‌ಗೆ ಇಳಿಸ್ಕೊಂತದ. ಮಾಸಿದ ಫೋಟೊದ ಲೆವೆಲ್ಸ್ ಸರಿ ಮಾಡೋದಿದ್ರ ಬ್ಯಾರೆ ಕಡೆ ಮುಗಿಸ್ಕೊಂಡು ಬರ್ರಿ.

ಗಿಂಪ್ 2.10ರಾಗ ಲೀನಿಯರ್, ಕ್ಯೂಬಿಕ್, ನೋಹೇಲೊ, ಲೋಹೇಲೊ ಅದಾವ. ಅರ್ಧಕ್ಕಿಂತ ಕಡಿಮಿಗೆ ಇಳಿಸೋವಾಗ ನೋಹೇಲೊ ಹಾಕ್ರಿ. ಲೋಹೇಲೊ ಸ್ವಲ್ಪ ಇಳಿಸೋದಕ್ಕ, ತಿರುಗಿಸೋದಕ್ಕ. ಹಳೆ 2.8ರಾಗಿದ್ದ ಸಿಂಕ್ ಅಂದ್ರ ಲ್ಯಾಂಚೋಸ್-3 ಈಗ ಪಟ್ಟಿಯಾಗಿಲ್ಲ, ಹುಡುಕಬ್ಯಾಡ್ರಿ.

ನಾನೂರು ಫೋಟೊ ಒಂದೇ ಏಟಿಗೆ ಆಗ್ಬೇಕಂದ್ರ ಇಮೇಜ್‌ಮ್ಯಾಜಿಕ್, ಆಜ್ಞೆ ಬರೆದು ನಡ್ಸೋ ಸಾಫ್ಟ್‌ವೇರ್. ಇಳಿಸೋವಾಗ ಅದು ಏನೂ ಹೇಳದಿದ್ರೂ ಲ್ಯಾಂಚೋಸ್ ತಗೊಂತದ. ಮಿಚೆಲ್ ಬೇಕಂದ್ರ ಫಿಲ್ಟರ್ ಆಯ್ಕೆ ರಿಸೈಜ್‌ಗಿಂತ ಮುಂಚೆ ಬರೀಬೇಕು, ಆಮೇಲೆ ಬರೆದ್ರ ಪ್ರಯೋಜನ ಇಲ್ಲ.

ಮರೀಬ್ಯಾಡ್ರಿ, ನೋಡೋದು 100% ಝೂಮ್‌ನಾಗ ಮಾತ್ರ. 33%, 66% ಝೂಮ್‌ನಾಗ ಪರದೆ ಮೇಲೆ ಕಾಣೋ ಅಲೆ ಫೈಲಿನಾಗ ಇರ್ಬೇಕಂತಿಲ್ಲ, ತೋರ್ಸೋ ಸಾಫ್ಟ್‌ವೇರ್ ಮಾಡಿದ್ದಿರ್ತದ. ವಿಂಡೋಸ್‌ನಾಗ ಡಿಸ್‌ಪ್ಲೇ ಸ್ಕೇಲಿಂಗ್ 125% ಇದ್ರ ಬ್ರೌಸರ್ ಸುದ್ದಾ ಚಿತ್ರನ ಮತ್ತೊಮ್ಮೆ ಹಿಗ್ಗಿಸ್ತದ. ಪರೀಕ್ಷೆ ಮಾಡೋವಾಗ 100%ಗೆ ತನ್ರಿ.

---

ಸ್ಮರಣಸಂಚಿಕೆ_ದಾವಣಗೆರೆ

ಪರೀಕ್ಷೆ ಫೈಲ್ ತುಂಬ ಉಪಯೋಗವಾಯಿತು. ಹಳೆಯ ವ್ಯೂಯರ್‌ನಲ್ಲಿ 0, 128, 128 ಬಂತು. ಇರ್ಫಾನ್‌ವ್ಯೂ ರಿಸ್ಯಾಂಪಲ್ ಲ್ಯಾಂಚೋಸ್‌ನಲ್ಲಿ 85ರ ಹತ್ತಿರ. ಈ 85, 156ರ ವ್ಯತ್ಯಾಸ ಏನು? ಫೋಟೊದಲ್ಲಿ ಕಣ್ಣಿಗೆ ಕಾಣುತ್ತದೆಯೇ?

---

ದುರ್ಗದ_ಕಲ್ಲು

ಫೈಲಿನಲ್ಲಿರುವ 0ರಿಂದ 255ರ ಅಂಕಿಗಳು ಬೆಳಕಿನ ನೇರ ಅಳತೆಯಲ್ಲ. ಎಸ್‌ಆರ್‌ಜಿಬಿಯಲ್ಲಿ (ಪರದೆ, ವೆಬ್‌ನ ಸಾಮಾನ್ಯ ಬಣ್ಣ ಪದ್ಧತಿ) ಅವನ್ನು ಗಾಮಾ ರೇಖೆಯ ಮೇಲೆ ಬಾಗಿಸಿ ಇಟ್ಟಿರುತ್ತಾರೆ. ಬಿಳಿಯ ಅರ್ಧದಷ್ಟು ಬೆಳಕು ಅಂದರೆ 128 ಅಲ್ಲ, 188. ಮೂರನೇ ಒಂದರಷ್ಟು ಬೆಳಕು ಅಂದರೆ 85 ಅಲ್ಲ, 156. ಹೊಂಡದ ಸರ್ಕಲ್ ಅವರ ಗೆರೆ ಫೈಲಿನಲ್ಲಿ ಮೂರರಲ್ಲೊಂದು ಪಿಕ್ಸೆಲ್ ಬಿಳಿ. ದೂರದಿಂದ ನೋಡಿದರೆ ಕಣ್ಣಿಗೆ ಬೀಳುವುದು ಮೂರನೇ ಒಂದು ಬೆಳಕು, ಅಂದರೆ ಇಳಿಸಿದ ಚಿತ್ರ 156 ಇರಬೇಕು. ಅಂಕಿಗಳನ್ನೇ ನೇರ ಸರಾಸರಿ ಮಾಡಿದರೆ 85 ಬಂದು ಕತ್ತಲಾಗುತ್ತದೆ.

ಮುಖ, ಗೋಡೆ, ಆಕಾಶದಂಥ ಕಡೆ ಅಕ್ಕಪಕ್ಕದ ಪಿಕ್ಸೆಲ್‌ಗಳು ಹತ್ತಿರದ ಬೆಲೆಯವೇ, ಹಾಗಾಗಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕಪ್ಪು ರೇಷ್ಮೆಯ ಮೇಲಿನ ಸಣ್ಣ ಜರಿ ಎಳೆ, ಕಡುಗೂದಲಿನಲ್ಲಿ ಮುಡಿದ ಮಲ್ಲಿಗೆ, ಎಲೆಗಳ ಸಂದಿಯಲ್ಲಿ ಕಾಣುವ ಆಕಾಶ: ಇಲ್ಲೆಲ್ಲ ಹೊಳಪು ಕುಂದುತ್ತದೆ. ನಿಮ್ಮ ಫೋಟೊಗಳಲ್ಲಿ ಸೀರೆಯೇ ಪ್ರಧಾನವಾದರೆ ಮಾಡಿ ನೋಡಬಹುದು. ಬರೀ ಗುಂಪು ಫೋಟೊಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮಾಡುವ ಬಗೆ: ಇಮೇಜ್‌ಮ್ಯಾಜಿಕ್‌ನಲ್ಲಿ ರಿಸೈಜ್‌ಗೆ ಮುಂಚೆ ಕಲರ್‌ಸ್ಪೇಸ್ ಆರ್‌ಜಿಬಿ ಎಂದು ಕೊಟ್ಟು, ನಂತರ ಕಲರ್‌ಸ್ಪೇಸ್ ಎಸ್‌ಆರ್‌ಜಿಬಿ ಎಂದು ಮರಳಿಸಬೇಕು. ಅದರ ಭಾಷೆಯಲ್ಲಿ ಬರೀ ಆರ್‌ಜಿಬಿ ಅಂದರೆ ನೇರ ಬೆಳಕು. ಕ್ಯೂ16 ಬಿಲ್ಡ್ (ಒಳಗೆ 16 ಬಿಟ್‌ನಲ್ಲಿ ಲೆಕ್ಕ ಹಾಕುವುದು) ಇರಲಿ. 8 ಬಿಟ್‌ನಲ್ಲಿ ನೇರ ಬೆಳಕಿಗೆ ಹೋದರೆ ಕತ್ತಲ ಭಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಫೋಟೊಶಾಪ್‌ನಲ್ಲಿ ಇಮೇಜ್, ಮೋಡ್, 32 ಬಿಟ್ಸ್ ಪರ್ ಚಾನಲ್ ಮಾಡಿ, ಇಮೇಜ್ ಸೈಜ್‌ನಲ್ಲಿ ಇಳಿಸಿ, ಮತ್ತೆ 16 ಬಿಟ್‌ಗೆ ತನ್ನಿ. ಮರಳುವಾಗ ಎಚ್‌ಡಿಆರ್ ಟೋನಿಂಗ್ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ವಿಧಾನ ಎಕ್ಸ್‌ಪೋಶರ್ ಅಂಡ್ ಗಾಮಾ, ಎಕ್ಸ್‌ಪೋಶರ್ 0, ಗಾಮಾ 1. ಬೇರೆ ವಿಧಾನ ಬಿಟ್ಟರೆ ಚಿತ್ರದ ಬಣ್ಣವೇ ಬದಲಾಗುತ್ತದೆ.

ನೇರ ಬೆಳಕಿನಲ್ಲಿ ಲ್ಯಾಂಚೋಸ್ ಹಾಕಬೇಡಿ. ಅದರ ಋಣ ತೂಕ ಕತ್ತಲ ಕಡೆ ಸ್ವಲ್ಪ ಕೆಳಗಿಳಿಸಿದರೂ ಗಾಮಾಕ್ಕೆ ಮರಳುವಾಗ ಅದು ಹಿಗ್ಗಿ, ಬಿಳಿ ಅಂಗಿಯ ಹೊರಗೆ ಕಪ್ಪು ಗೆರೆ ಬಿದ್ದಂತೆ ಕಾಣುತ್ತದೆ. ಅಲ್ಲಿ ಮಿಚೆಲ್ಲೇ ಸರಿ.

---

ಅಶೋಕರಸ್ತೆ_ಆಫ್‌ಸೆಟ್

ಸಂಚಿಕೆ ಪ್ರೆಸ್ಸಿಗೆ ಹೋಗುತ್ತದೆ ಅಂದಿರಿ, ಆ ಕಡೆಯ ಮಾತು ಯಾರೂ ಎತ್ತಲಿಲ್ಲ.

ಆರ್ಟ್ ಪೇಪರ್ ಮೇಲೆ ಸಾಮಾನ್ಯವಾಗಿ 150 ಎಲ್‌ಪಿಐ ಸ್ಕ್ರೀನ್ (ಇಂಚಿಗೆ 150 ಸಾಲು ಮುದ್ರಣ ಚುಕ್ಕೆ). ಅದರ ಎರಡರಷ್ಟು, ಅಂದರೆ 300 ಪಿಕ್ಸೆಲ್ ಪ್ರತಿ ಇಂಚಿಗೆ ಸಾಕು. 1050×1500 ಚಿತ್ರ ಹಾಗೆ ಲೆಕ್ಕ ಹಾಕಿದರೆ ಸರಿಯಾಗಿ 3.5×5 ಇಂಚು, ಅಸಲು ಪ್ರಿಂಟಿನ ಅಳತೆಯೇ. ಆದರೆ ಪುಟ ಕಟ್ಟುವವರು ಗುಂಪು ಫೋಟೊವನ್ನು ಪುಟದ ಅಗಲಕ್ಕೆ ಎಳೆಯುವುದು ಖಂಡಿತ. 7 ಇಂಚಿಗೆ ಎಳೆದರೆ 150ಕ್ಕೆ ಇಳಿಯಿತು, ಮುಖಗಳು ಕರಗುತ್ತವೆ. ಆದ್ದರಿಂದ ಎಲ್ಲವನ್ನೂ 1050ಕ್ಕೆ ಇಳಿಸಿಟ್ಟುಕೊಂಡು ಕೂರಬೇಡಿ. ಯಾವ ಫೋಟೊ ಎಷ್ಟು ಅಗಲಕ್ಕೆ ಬರುತ್ತದೆ ಅಂತ ಡಮ್ಮಿ (ಪುಟಗಳ ಕರಡು ಜೋಡಣೆ) ಆದ ಮೇಲೆ ಮಾಸ್ಟರ್ ಟಿಫ್‌ನಿಂದ ಒಂದೇ ಸಲ ಆ ಅಳತೆಗೆ ಇಳಿಸಿ. ಇಳಿಸಿದ್ದನ್ನು ಮತ್ತೆ ಇಳಿಸುವುದು, ಹಿಗ್ಗಿಸುವುದು ಎರಡೂ ಬೇಡ.

ಪಿಡಿಎಫ್ ಮಾಡುವಾಗ ಗಮನ ಬೇಕು. ಪುಟ ಕಟ್ಟುವ ಇನ್‌ಡಿಸೈನ್‌ನ ಹೈ ಕ್ವಾಲಿಟಿ ಪ್ರಿಂಟ್ ಸೆಟ್ಟಿಂಗ್ 450ಕ್ಕಿಂತ ಹೆಚ್ಚಿನ ಚಿತ್ರಗಳನ್ನು ತಾನೇ 300ಕ್ಕೆ ಇಳಿಸುತ್ತದೆ. ನೀವು ಮಿಚೆಲ್, ಲ್ಯಾಂಚೋಸ್ ಅಂತ ಪಟ್ಟ ಪಾಡೆಲ್ಲ ಅಲ್ಲಿ ನೀರುಪಾಲು. ಪಿಡಿಎಫ್ ಮಾಡುವ ಡಿಸ್ಟಿಲರ್‌ನಲ್ಲಿ ಇನ್ನೂ ಸಬ್‌ಸ್ಯಾಂಪ್ಲಿಂಗ್, ಆವರೇಜ್, ಬೈಕ್ಯೂಬಿಕ್ ಅಂತ ಮೂರು ಆಯ್ಕೆ ಇರುತ್ತವೆ. ಸಬ್‌ಸ್ಯಾಂಪ್ಲಿಂಗ್ ಅಂದರೆ ನಡುವಿನ ಒಂದು ಪಿಕ್ಸೆಲ್ ಎತ್ತಿಕೊಳ್ಳುವುದು, ನಿಮ್ಮ ಹಳೆಯ ವ್ಯೂಯರಿಗಿಂತ ಕಡೆ. ಚಿತ್ರ ಸರಿಯಾದ ಅಳತೆಗೆ ತಂದಾಗಿದ್ದರೆ ಡೌನ್‌ಸ್ಯಾಂಪ್ಲಿಂಗನ್ನೇ ಆಫ್ ಮಾಡಿಸಿ.

ಶಾರ್ಪನ್ ಒಂದೇ ಸಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ವೆಬ್‌ಸೈಟಿಗೂ ಪ್ರೆಸ್ಸಿಗೂ ಒಂದೇ ಫೈಲ್ ಎಂಬುದನ್ನು ಒಪ್ಪುವುದಿಲ್ಲ. ಪರದೆಗೆ ಅನ್‌ಶಾರ್ಪ್ ಮಾಸ್ಕ್ ರೇಡಿಯಸ್ 0.3ರಿಂದ 0.5, ಅಮೌಂಟ್ 60–80%, ಥ್ರೆಶೋಲ್ಡ್ 2 ಸಾಕು. ಆಫ್‌ಸೆಟ್‌ನಲ್ಲಿ ಚುಕ್ಕೆಗಳು ಅಂಚನ್ನು ಮೆತ್ತಗೆ ಮಾಡುತ್ತವೆ, ಮಸಿ ಕಾಗದಕ್ಕೆ ಹರಡುತ್ತದೆ. 300ಕ್ಕೆ ರೇಡಿಯಸ್ 1ರಿಂದ 1.5, ಅಮೌಂಟ್ 100–120%, ಥ್ರೆಶೋಲ್ಡ್ 3. ಪರದೆಯ ಮೇಲೆ ಇದು ಸ್ವಲ್ಪ ಒರಟಾಗಿ ಕಾಣಬೇಕು, ಹೆದರಿ ಕಡಿಮೆ ಮಾಡಬೇಡಿ. ಮ್ಯಾಪ್‌ಲಿಥೊ (ನುಣುಪು ಲೇಪವಿಲ್ಲದ) ಕಾಗದವಾದರೆ ಸ್ಕ್ರೀನ್ ಇನ್ನೂ ದಪ್ಪ ಇರುತ್ತದೆ, ಎಷ್ಟು ಅಂತ ಪ್ರೆಸ್ಸಿನವರನ್ನೇ ಕೇಳಿ ಎರಡರಿಂದ ಗುಣಿಸಿಕೊಳ್ಳಿ.

ಕಪ್ಪು-ಬಿಳುಪು ಫೋಟೊಗಳನ್ನು ಗ್ರೇಸ್ಕೇಲ್ ಮಾಡಿಯೇ ಕೊಡಿ. ಆರ್‌ಜಿಬಿಯಲ್ಲಿ ಬಿಟ್ಟರೆ ನಾಲ್ಕು ಬಣ್ಣದಲ್ಲಿ ಅಚ್ಚಾಗಿ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳು) ಹಸಿರು, ಇನ್ನೊಂದು ಕೆಂಪು ಹೊಡೆಯುತ್ತದೆ. ಸ್ಕ್ಯಾನರಿನಲ್ಲಿ ಮಾತ್ರ ಟೆಕ್ಸ್ಟ್ ಅಥವಾ ಬ್ಲ್ಯಾಕ್ ಅಂಡ್ ವೈಟ್ ಅನ್ನುವುದನ್ನು ಮುಟ್ಟಬೇಡಿ, ಅದು 1 ಬಿಟ್, ಬೂದುಬಣ್ಣವೇ ಇರುವುದಿಲ್ಲ.

ಹಳೆಯ ಸಂಚಿಕೆ, ಪತ್ರಿಕೆ ಕಟಿಂಗ್‌ನಿಂದ ತೆಗೆದ ಚಿತ್ರಗಳೂ ಬರುತ್ತವೆ, ಬಂದೇ ಬರುತ್ತವೆ. ಅವುಗಳಲ್ಲಿ ಆಗಲೇ ಚುಕ್ಕೆ ಇದೆ. ಪತ್ರಿಕೆಯ 85 ಎಲ್‌ಪಿಐ ಚುಕ್ಕೆ 1200 ಡಿಪಿಐನಲ್ಲಿ 14 ಪಿಕ್ಸೆಲ್‌ಗೆ ಒಂದು, ನಾಲ್ಕು ಪಟ್ಟು ಇಳಿಸಿದ ಮೇಲೆ 3.5 ಪಿಕ್ಸೆಲ್‌ಗೆ ಒಂದು. ಅದು ಮಿತಿಯೊಳಗೇ ಇರುವುದರಿಂದ ಎಂಥ ಒಳ್ಳೆಯ ಫಿಲ್ಟರೂ ಅಳಿಸುವುದಿಲ್ಲ, ಪ್ರೆಸ್ಸಿನ ಸ್ಕ್ರೀನ್ ಜೊತೆ ಸೇರಿ ಹೊಸ ಮ್ವಾರೆ ಕೊಡುತ್ತದೆ. ಇಳಿಸುವ ಮೊದಲು ಗಾಸಿಯನ್ ಬ್ಲರ್ 5ರಿಂದ 6 ಪಿಕ್ಸೆಲ್, ಆಮೇಲೆ ಇಳಿಸುವುದು, ಆಮೇಲೆ ಶಾರ್ಪನ್. ಅಚ್ಚಿನಲ್ಲಿ ಚಿಕ್ಕದಾಗಿಯೇ ಹಾಕಿ.

ದಯವಿಟ್ಟು ಪ್ರೆಸ್ಸಿಗೆ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ. ಅದು ಅಳತೆ ಇಳಿಸಿ, ಮತ್ತೆ ಜೆಪೆಗ್ ಒತ್ತುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್.

---

ಜಾಲರಿ_ಜಾಲಾಟ

ಉಬ್ಬು ಕಾಗದದ ಪ್ರಶ್ನೆ ಉಳಿದಿದೆ. ಇದು ಇಳಿಸುವ ಫಿಲ್ಟರಿನ ತಪ್ಪಲ್ಲ, ಹಾಗಾಗಿ ಫಿಲ್ಟರ್ ಬದಲಿಸಿ ಬದಲಿಸಿ ಸುಸ್ತಾಗಬೇಡಿ. ಉಬ್ಬುಗಳ ಅಂತರ ಉದಾಹರಣೆಗೆ 0.6 ಮಿ.ಮೀ. ಇದ್ದರೆ 1200 ಡಿಪಿಐನಲ್ಲಿ 28 ಪಿಕ್ಸೆಲ್, ಇಳಿಸಿದ ಮೇಲೆ 7 ಪಿಕ್ಸೆಲ್. ಆರಾಮವಾಗಿ ಉಳಿಯುವ ಗಾತ್ರ. ಫಿಲ್ಟರ್ ಪ್ರಾಮಾಣಿಕವಾಗಿ ಅದನ್ನು ಉಳಿಸಿಕೊಡುತ್ತಿದೆ. ವೆಬ್‌ಸೈಟಿನ ಸಣ್ಣ ಥಂಬ್‌ನೇಲ್‌ಗೆ 300 ಪಿಕ್ಸೆಲ್ ಎತ್ತರಕ್ಕೆ ಇಳಿಸಿದಾಗ ಮಾತ್ರ 1.4 ಪಿಕ್ಸೆಲ್ ಆಗಿ ಮಿತಿ ದಾಟುತ್ತದೆ. ಅಲ್ಲಿ ಕೆಟ್ಟ ಫಿಲ್ಟರ್ ಇದ್ದರೆ ಅಲೆ ಏಳುತ್ತದೆ.

ಎರಡು ದಾರಿ. ಮೊದಲನೆಯದು ಸ್ಕ್ಯಾನ್ ಹಂತದಲ್ಲಿ. ಸ್ಕ್ಯಾನರಿನ ದೀಪ ಒಂದು ಬದಿಯಿಂದ ಬೆಳಕು ಬಿಡುತ್ತದೆ, ಪ್ರತಿ ಉಬ್ಬಿನ ನೆರಳು ಒಂದೇ ಕಡೆ ಬೀಳುತ್ತದೆ. ಒಮ್ಮೆ ಸ್ಕ್ಯಾನ್ ಮಾಡಿ, ಪ್ರಿಂಟನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಮಾಡಿ, ಎರಡನೆಯದನ್ನು ಕಂಪ್ಯೂಟರಿನಲ್ಲಿ ನೇರ ಮಾಡಿ, ಎರಡನ್ನೂ ಸರಿಯಾಗಿ ಹೊಂದಿಸಿ ಮೇಲಿನ ಲೇಯರ್ 50% ಒಪಾಸಿಟಿ ಇಡಿ. ನೆರಳುಗಳು ಎದುರುಬದುರಾಗಿ ಬಹಳಷ್ಟು ಅಳಿಯುತ್ತವೆ. ಹೊಂದಿಕೆ ಒಂದು ಪಿಕ್ಸೆಲ್‌ನೊಳಗೆ ಇರಬೇಕು, ಇಲ್ಲದಿದ್ದರೆ ಕಣ್ಣು ಮೂಗು ಜೋಡಿಯಾಗುತ್ತವೆ. ಫೋಟೊಶಾಪ್‌ನ ಆಟೊ ಅಲೈನ್ ಲೇಯರ್ಸ್, ಇಲ್ಲವೇ ಹ್ಯೂಗಿನ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್ ಈ ಕೆಲಸ ಮಾಡುತ್ತದೆ. ಎರಡೂ ಸ್ಕ್ಯಾನ್‌ಗೆ ಆಟೊ ಎಕ್ಸ್‌ಪೋಶರ್ ಆಫ್ ಇರಲಿ.

ಎರಡನೆಯದು ಫೂರಿಯೆ ಪರಿವರ್ತನೆ (ಎಫ್‌ಎಫ್‌ಟಿ), ಅಂದರೆ ಚಿತ್ರದಲ್ಲಿ ಮರುಕಳಿಸುವ ವಿನ್ಯಾಸವನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಲೆಕ್ಕ, ಆಗಲೇ ಸ್ಕ್ಯಾನ್ ಆದ ಫೈಲುಗಳಿಗೆ. ಇಮೇಜ್‌ಜೆ ಅಥವಾ ಫಿಜಿ ಉಚಿತ. ಕಲರ್ ಫೋಟೊ ಆದರೆ ಇಮೇಜ್, ಕಲರ್, ಸ್ಪ್ಲಿಟ್ ಚಾನಲ್ಸ್ ಮಾಡಿ ಮೂರು ಚಾನಲ್ ಬೇರೆ ಮಾಡಿ. ಒಂದೊಂದಕ್ಕೂ ಪ್ರೋಸೆಸ್, ಎಫ್‌ಎಫ್‌ಟಿ, ಎಫ್‌ಎಫ್‌ಟಿ. 4200×6000 ಚಿತ್ರವನ್ನು ಅದು 8192×8192ಕ್ಕೆ ತುಂಬಿಕೊಳ್ಳುತ್ತದೆ, ಮೆಮೊರಿ ಸಾಲದೆ ಹೋದರೆ ಎಡಿಟ್, ಆಪ್ಷನ್ಸ್‌ನಲ್ಲಿ ಹೆಚ್ಚಿಸಿ. ಬಂದ ಚಿತ್ರದ ನಡುವೆ ಒಂದು ಹೊಳಪು, ಅದರ ಸುತ್ತ ಆರು ಚುಕ್ಕೆ ಷಟ್ಕೋನವಾಗಿ ಕಾಣುತ್ತವೆ. ಆಚೆಗೆ ಮಂಕಾಗಿ ಇನ್ನೂ ಕೆಲವು. ಆ ಚುಕ್ಕೆಗಳ ಮೇಲೆ ಮಾತ್ರ ಸಣ್ಣ ಕಪ್ಪು ವೃತ್ತ ತುಂಬಿ. ನಡುವಿನ ಹೊಳಪನ್ನು ಮುಟ್ಟಿದರೆ ಇಡೀ ಚಿತ್ರದ ಬೆಳಕೇ ಹೋಗುತ್ತದೆ. ಆಮೇಲೆ ಇನ್ವರ್ಸ್ ಎಫ್‌ಎಫ್‌ಟಿ, ಕೊನೆಗೆ ಮರ್ಜ್ ಚಾನಲ್ಸ್. ವೃತ್ತ ದೊಡ್ಡದಾದರೆ ಚೂಪಾದ ಅಂಚಿನ ಪಕ್ಕ ಸಣ್ಣ ತರಂಗ ಉಳಿಯುತ್ತದೆ, ಚುಕ್ಕೆಯಷ್ಟೇ ದೊಡ್ಡದು ಸಾಕು.

ಕ್ರಮ ತಪ್ಪಬಾರದು: ಮೊದಲು ಇದು, ಆಮೇಲೆ ಇಳಿಸುವುದು. ಇಳಿಸಿ ಒಮ್ಮೆ ಅಲೆಯಾಗಿ ಮಡಚಿಕೊಂಡ ವಿನ್ಯಾಸ ಮುಖದ ನೆರಳಿನ ಜೊತೆ ಬೆರೆತುಹೋಗಿರುತ್ತದೆ, ಆಮೇಲೆ ಬೇರೆ ಮಾಡಲಾಗದು.

---

ಸ್ಮರಣಸಂಚಿಕೆ_ದಾವಣಗೆರೆ

ಎಲ್ಲರಿಗೂ ವಂದನೆ. ಇನ್ನೂ ಅರ್ಧ ಪೆಟ್ಟಿಗೆ ಸ್ಕ್ಯಾನ್ ಬಾಕಿ ಇದೆ. 600 ಡಿಪಿಐಗೆ ಇಳಿಸಿದರೆ ನಷ್ಟವೇ? ಅಂಚಿನ ಕೆಂಪು ಬಣ್ಣ ಜೆಪೆಗ್‌ನಲ್ಲಿ ಹರಡಿದಂತೆ ಕಾಣುವುದಕ್ಕೂ ಇಳಿಸುವುದಕ್ಕೂ ಸಂಬಂಧ ಇದೆಯೇ?

---

ದುರ್ಗದ_ಕಲ್ಲು

ಸಾಮಾನ್ಯ ಎನ್‌ಲಾರ್ಜ್ ಮಾಡಿದ ಪ್ರಿಂಟ್‌ನಲ್ಲಿ 600 ಡಿಪಿಐಗಿಂತ ಮೇಲೆ ಸಿಗುವುದು ಬಹುತೇಕ ಕಾಗದದ ಮೈ ಮತ್ತು ಧೂಳು. 600ರಲ್ಲಿ 2100×3000, 24 ಬಿಟ್‌ಗೆ 19 ಎಂಬಿ. ಉಳಿದ ಜಾಗವನ್ನು 48 ಬಿಟ್‌ಗೆ ಖರ್ಚು ಮಾಡಿ, ಆಗಲೂ 38 ಎಂಬಿ ಮಾತ್ರ. ಮಾಸಿದ ಕಲರ್ ಎತ್ತುವಾಗ ಅದು ಕೈಹಿಡಿಯುತ್ತದೆ. ಬಾಕ್ಸ್ ಕ್ಯಾಮರಾದ ನೆಗೆಟಿವ್ ಅಳತೆಯಲ್ಲೇ ಒತ್ತಿದ ಪುಟ್ಟ ಕಾಂಟ್ಯಾಕ್ಟ್ ಪ್ರಿಂಟ್‌ಗಳಿದ್ದರೆ ಅವನ್ನು ಮಾತ್ರ 1200ರಲ್ಲೇ ಮಾಡಿ, ಅವುಗಳಲ್ಲಿ ವಿವರ ಇರುತ್ತದೆ. 500, 700 ಅಂತ ನಡುವಿನ ಸಂಖ್ಯೆ ಬೇಡ. ಸ್ಕ್ಯಾನರಿನ ಸೆನ್ಸರ್ ಅಳತೆಗೆ ಸರಿಯಾಗಿ ಭಾಗವಾಗುವ 300, 600, 1200 ಬಿಟ್ಟು ಬೇರೆ ಕೊಟ್ಟರೆ ಡ್ರೈವರ್ ತಾನೇ ಇಳಿಸುತ್ತದೆ, ಯಾವ ಫಿಲ್ಟರಿನಿಂದ ಅಂತ ನಿಮಗೆ ಹೇಳುವುದಿಲ್ಲ. ಆಗಲೇ 1200ರಲ್ಲಿ ಮಾಡಿದ್ದನ್ನು ಮತ್ತೆ ಮಾಡಬೇಕಿಲ್ಲ.

ಸಿಐಎಸ್ ಸ್ಕ್ಯಾನರಿಗೆ ಫೋಕಸ್ ಆಳ ಬಹಳ ಕಡಿಮೆ. ಬಿಸಿಲಿಗೆ ಸುರುಳಿಯಾದ ಪ್ರಿಂಟ್‌ನ ಅಂಚು ಗಾಜಿನಿಂದ ಸ್ವಲ್ಪ ಎದ್ದಿದ್ದರೂ ಆ ಭಾಗ ಮಂಕು. ಮುಚ್ಚಳದ ಮೇಲೆ ದಪ್ಪ ಪುಸ್ತಕ ಇಡಿ. ಮೂಲೆಯಲ್ಲಿ ಸ್ಟುಡಿಯೊದ ಉಬ್ಬು ಮುದ್ರೆ ಇರುವ ಪ್ರಿಂಟನ್ನು ಮಾತ್ರ ಜೋರಾಗಿ ಒತ್ತಬೇಡಿ.

ಕೆಂಪು ಹರಡುವುದು ಜೆಪೆಗ್‌ನ ಕ್ರೋಮಾ ಸಬ್‌ಸ್ಯಾಂಪ್ಲಿಂಗ್. ಬಣ್ಣದ ಭಾಗವನ್ನು ಅಗಲ, ಎತ್ತರ ಎರಡರಲ್ಲೂ ಅರ್ಧಕ್ಕೆ ಇಳಿಸಿ ಇಡುತ್ತದೆ, ಹಾಗಾಗಿ ಹಸಿರು ಸೀರೆಯ ಕೆಂಪು ಅಂಚು, ಹಣೆಯ ಕುಂಕುಮ ಎರಡೂ ಅಕ್ಕಪಕ್ಕಕ್ಕೆ ಇಳಿಯುತ್ತವೆ. ಇರ್ಫಾನ್‌ವ್ಯೂನ ಜೆಪೆಗ್ ಸೇವ್ ಕಿಟಕಿಯಲ್ಲಿ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಡಿಸೇಬಲ್ ಅನ್ನುವ ಟಿಕ್ ಹಾಕಿ. ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್‌ನ ಅಡ್ವಾನ್ಸ್ಡ್ ಭಾಗದಲ್ಲಿ 4:4:4. ಫೋಟೊಶಾಪ್‌ನ ಸೇವ್ ಫಾರ್ ವೆಬ್‌ನಲ್ಲಿ ಕ್ವಾಲಿಟಿ 51 ಅಥವಾ ಮೇಲೆ ಇಟ್ಟರೆ ಸಬ್‌ಸ್ಯಾಂಪ್ಲಿಂಗ್ ತಾನೇ ನಿಲ್ಲುತ್ತದೆ. ವೆಬ್‌ಸೈಟಿಗೆ 85ರಿಂದ 90 ಸಾಕು. ಪ್ರೆಸ್ಸಿಗೆ ಜೆಪೆಗ್ ಮಾಡಲೇಬೇಡಿ, ಟಿಫ್ ಕೊಡಿ.

---

ಹೊಂಡದ_ಸರ್ಕಲ್

ಒಂದು ಬಿಟ್ಹೋತು. ಸ್ಕ್ಯಾನರ್ ಅಡೋಬ್ ಆರ್‌ಜಿಬಿ ಪ್ರೊಫೈಲ್ ಹಾಕಿ ಕೊಡ್ತಿದ್ರ ವೆಬ್‌ಸೈಟಿನ ಫೈಲಿಗೆ ಕನ್ವರ್ಟ್ ಟು ಪ್ರೊಫೈಲ್ ಒಳಗ ಎಸ್‌ಆರ್‌ಜಿಬಿ ಮಾಡ್ರಿ. ಅಸೈನ್ ಪ್ರೊಫೈಲ್ ಒತ್ತಬ್ಯಾಡ್ರಿ, ಅದು ಅಂಕಿ ಹಂಗಾ ಇಟ್ಟು ಅರ್ಥ ಮಾತ್ರ ಬದಲಿಸ್ತದ, ಮೈಬಣ್ಣ ಸಪ್ಪಗಾಗ್ತದ. ಇಮೇಜ್ ಸೈಜ್ ಕಿಟಕಿಯಾಗ ರಿಸ್ಯಾಂಪಲ್ ಟಿಕ್ ತೆಗೆದು 1200ನ್ನ 300 ಅಂತ ಬರೆದ್ರ ಪಿಕ್ಸೆಲ್ ಒಂದೂ ಕಡಿಮಿ ಆಗೋದಿಲ್ಲ, ಪ್ರಿಂಟ್ ಅಳತೆ ಅಷ್ಟ 14×20 ಇಂಚಾಗ್ತದ. ಪುಟ ಕಟ್ಟೋರಿಗೆ ಫೈಲ್ ಕೊಡೋ ಮುಂಚೆ ಪಿಕ್ಸೆಲ್ ಲೆಕ್ಕನ ನೋಡ್ರಿ, ಡಿಪಿಐ ಅಲ್ಲ.